ರೀಡ್‌ಮಿಯ ಉದಾಹರಣೆ ಓಡುತ್ತಾ?

ಹೊಸ ಲೈಬ್ರರಿ ಒಂದನ್ನು ಇನ್‌ಸ್ಟಾಲ್ ಮಾಡಿದ ಮೇಲೆ ನಾವೆಲ್ಲ ಮಾಡುವ ಮೊದಲ ಕೆಲಸ ಅದರ ರೀಡ್‌ಮಿ ಫೈಲ್ ತೆಗೆಯೋದು. ಮೇಲಿನ ಎರಡು ಪ್ಯಾರಾ ಓದಲ್ಲ. ಯಾರು ಬರೆದರು, ಯಾಕೆ ಬರೆದರು, ಲೈಸೆನ್ಸ್ ಯಾವುದು, ಅದೆಲ್ಲ ಬೇಡ. ನೇರ ಕೆಳಗೆ ಸ್ಕ್ರೋಲ್ ಮಾಡಿ, ಬೂದು ಬಣ್ಣದ ಡಬ್ಬಿಯೊಳಗಿನ ನಾಲ್ಕು ಸಾಲಿನ ಉದಾಹರಣೆ ಹುಡುಕಿ, ಕಾಪಿ, ಪೇಸ್ಟ್, ಎಂಟರ್. ಓಡಿದರೆ ಖುಷಿ. ಓಡದಿದ್ದರೆ?

ಓಡದಿದ್ದರೆ ಹೆಚ್ಚಿನವರ ತಲೆಗೆ ಮೊದಲು ಬರೋದು ಒಂದೇ: ನಾವೇ ಏನೋ ಎಡವಟ್ಟು ಮಾಡಿದ್ದೇವೆ. ವರ್ಷನ್ ಸರಿ ಇಲ್ಲವೇನೋ, ಸ್ಪೇಸ್ ತಪ್ಪಿದೆಯೇನೋ, ಇನ್‌ಸ್ಟಾಲ್ ಅರ್ಧ ಆಗಿದೆಯೇನೋ. ಉದಾಹರಣೆಯೇ ತಪ್ಪಿರಬಹುದು ಅನ್ನೋದು ಕೊನೆಗೆ ಬರುವ ಯೋಚನೆ. ಅಚ್ಚಾದದ್ದು ಸುಳ್ಳಾಗಿರಲ್ಲ ಅಂತ ನಮಗೆ ಶಾಲೆಯಿಂದಲೇ ಅಭ್ಯಾಸ ಆಗಿಬಿಟ್ಟಿದೆ.

ಆದರೆ ಉದಾಹರಣೆ ತಪ್ಪಿರುತ್ತೆ. ತುಂಬಾ ಸಲ ತಪ್ಪಿರುತ್ತೆ. ಅದನ್ನು ಬರೆದವರು ಸುಳ್ಳರಲ್ಲ. ಬರೆದ ದಿನ ಅದು ಸರಿಯಾಗಿಯೇ ಓಡಿತ್ತು. ಆಮೇಲೆ ಕೋಡ್ ಬದಲಾಯಿತು, ಭಾಷೆ ಬದಲಾಯಿತು, ಉದಾಹರಣೆ ಮಾತ್ರ ಹಾಗೇ ಕೂತಿತು. ಈ ಲೇಖನ ಆ ಕೂತ ಉದಾಹರಣೆಯ ಬಗ್ಗೆ, ಅದನ್ನು ಮೆಷಿನ್ ಕೈಲೇ ಪರೀಕ್ಷೆ ಮಾಡಿಸುವ ಬಗ್ಗೆ, ಮತ್ತು ಪರೀಕ್ಷೆ ಮಾಡದಿದ್ದರೆ ಪೆಟ್ಟು ಯಾರಿಗೆ ಬೀಳುತ್ತೆ ಅನ್ನುವ ಬಗ್ಗೆ.

ಉದಾಹರಣೆ ಹಳಸೋದು ಹೇಗೆ

ಒಂದು ಫಂಕ್ಷನ್ ಹೆಸರು ಬದಲಾಯಿಸಿದಿರಿ ಅಂದುಕೊಳ್ಳಿ. ಅದನ್ನು ಕರೆಯುವ ಬೇರೆ ಫೈಲುಗಳು ಕೂಡಲೇ ಕೂಗುತ್ತವೆ. ಎಡಿಟರ್ ಕೆಂಪು ಗೆರೆ ಹಾಕುತ್ತೆ, ಟೆಸ್ಟ್ ಫೇಲ್ ಆಗುತ್ತೆ, ಕಂಪೈಲರ್ ಇದ್ದರೆ ಅದು ಮುಂದೆ ಹೋಗೋದೇ ಇಲ್ಲ. ರೀಡ್‌ಮಿ ಮಾತ್ರ ಸುಮ್ಮನೆ ಇರುತ್ತೆ. ಯಾಕಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಬರೀ ಪಠ್ಯ. ಅದರೊಳಗಿನ ನಾಲ್ಕು ಸಾಲು ಕೂಡ ಕೋಡೇ ಅಂತ ಅದಕ್ಕೆ ಯಾರೂ ಹೇಳಿಲ್ಲ.

ಲೈಬ್ರರಿ ಬದಲಾಗದಿದ್ದರೂ ಭಾಷೆಯೇ ಬದಲಾಗಬಹುದು. ಪೈಥಾನಿನಲ್ಲಿ ಅತಿ ಚಿಕ್ಕ ಉದಾಹರಣೆ ನೋಡಿ:

>>> 7 / 2
3.5

ಇದು ಪೈಥಾನ್ 3ರ ಉತ್ತರ. ಪೈಥಾನ್ 2ರಲ್ಲಿ ಇದೇ ಸಾಲಿಗೆ ಉತ್ತರ 3. ಪೈಥಾನ್ 2ಕ್ಕೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಆದರೆ ಆ ಕಾಲದ ನೋಟ್ಸು, ಜೆರಾಕ್ಸು, ಪಿಡಿಎಫ್ ಮುಗಿಯಲಿಲ್ಲ. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಇವತ್ತಿಗೂ ಹರಿದು ಬರುತ್ತಿವೆ.

ಇನ್ನೊಂದು: 0.1 ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಹಳೆಯ ಪೈಥಾನ್ 0.10000000000000001 ಅಂತ ತೋರಿಸುತ್ತಿತ್ತು. 2.7 ಮತ್ತು 3.1ರಿಂದ ಬರೀ 0.1 ತೋರಿಸುತ್ತೆ. ಮೌಲ್ಯ ಬದಲಾಗಿಲ್ಲ, ತೋರಿಸುವ ರೀತಿ ಬದಲಾಯಿತು, ಅಷ್ಟೇ. ಇನ್ನೂ ಹತ್ತಿರದ್ದು ಬೇಕಾದರೆ 2024ರಲ್ಲಿ ಬಂದ ನಂಪೈ 2.0. ಅಲ್ಲಿವರೆಗೆ ಒಂದು ಸಂಖ್ಯೆಯನ್ನು 3.0 ಅಂತಷ್ಟೇ ತೋರಿಸುತ್ತಿದ್ದ ಲೈಬ್ರರಿ, ಈಗ ಅದರ ಮುಂದೆ ಅದರ ಜಾತಿಯ ಹೆಸರನ್ನೂ ಹಚ್ಚಿ, ಆವರಣದೊಳಗೆ 3.0 ಇಟ್ಟು ತೋರಿಸುತ್ತೆ. ಲೆಕ್ಕ ಅದೇ. ಆದರೆ ನಂಪೈ ಮೇಲೆ ನಿಂತ ಅದೆಷ್ಟೋ ಪ್ರಾಜೆಕ್ಟುಗಳ ದಾಖಲೆಯಲ್ಲಿದ್ದ ಉತ್ತರದ ಸಾಲುಗಳು ಒಂದೇ ದಿನದಲ್ಲಿ ಹಳತಾದವು.

ಕೆಲವು ಬಸ್‌ಸ್ಟ್ಯಾಂಡ್‌ಗಳಲ್ಲಿ ಗೋಡೆ ಮೇಲೆ ಪೇಂಟ್ ಮಾಡಿದ ಟೈಮ್‌ಟೇಬಲ್ ಇರುತ್ತಲ್ಲ, ಹಾಗೆ. ಬಸ್ಸಿನ ಟೈಮ್ ಯಾವಾಗಲೋ ಬದಲಾಗಿರುತ್ತೆ, ಪೇಂಟ್ ಬದಲಾಗಿರಲ್ಲ. ಊರಿನವರಿಗೆ ಅದರಿಂದ ಏನೂ ತೊಂದರೆ ಇಲ್ಲ, ಅವರು ಬೋರ್ಡ್ ನೋಡೋದೇ ಇಲ್ಲ. ಬೋರ್ಡ್ ಓದೋದು ಹೊಸಬ ಮಾತ್ರ. ಬಸ್ ತಪ್ಪೋದೂ ಅವನಿಗೆ ಮಾತ್ರ. ರೀಡ್‌ಮಿಯ ಗತಿಯೂ ಇದೇ. ಲೈಬ್ರರಿ ಬರೆದವರು ಅದನ್ನು ಮತ್ತೆ ಓದಲ್ಲ. ರೂಢಿ ಆದವರೂ ಓದಲ್ಲ.

ಹರಿಹರಪುರದಲ್ಲಿ ಕಂಡದ್ದು

ನಮ್ಮ ಗುಂಪಿನಲ್ಲೊಬ್ಬನ ಊರು ಹರಿಹರಪುರ. ಕೊಪ್ಪ ತಾಲೂಕಿನಲ್ಲಿ, ತುಂಗೆಯ ದಡದಲ್ಲಿರುವ ಮಠದ ಊರು. ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಅವನ ಮನೆಗೆ ಹೋಗಿದ್ದೆವು. ಮಲೆನಾಡಿನ ಮಳೆ ಗೊತ್ತಲ್ಲ. ಕರೆಂಟ್ ಬಂದರೆ ಬಂತು, ಹೋದರೆ ಹೋಯಿತು. ಫೋನಿಗೆ ಒಂದು ಕಡ್ಡಿ ಸಿಗ್ನಲ್ ಬೇಕಾದರೆ ಅಂಗಳದ ಮೂಲೆಯಲ್ಲಿ ಕೊಡೆ ಹಿಡಿದು ನಿಲ್ಲಬೇಕು.

ಅಲ್ಲಿ ಅವನ ಚಿಕ್ಕಪ್ಪನ ಮಗ ಇದ್ದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಡಿಪ್ಲೊಮಾ ಸೇರಿದ್ದಾನೆ. ಲ್ಯಾಪ್‌ಟಾಪ್ ಹೊಸದು. ಏನಾದರೂ ಕೋಡಿಂಗ್ ಮಾಡಿದ್ಯಾ ಅಂತ ಕೇಳಿದರೆ, "ಇಲ್ಲ ಅಣ್ಣ, ಬಿಟ್ಟೆ. ಅದು ನಂಗೆ ಆಗಲ್ಲ" ಅಂದ.

"ಎಂತಕ್ಕೆ ಮಾರಾಯ?"

"ಶುರು ಮಾಡಿದ್ದೆ ಅಣ್ಣ. ಅದರಲ್ಲಿ ಬರೆದಿದ್ದನ್ನೇ ಟೈಪ್ ಮಾಡಿದ್ರೂ ಎರರ್ ಬರ್ತದೆ. ಮೂರು ದಿನ ನೋಡ್ದೆ. ನಾನೇ ಎಂತದೋ ತಪ್ಪು ಮಾಡ್ತಿದೀನಿ, ಆದ್ರೆ ಎಲ್ಲಿ ಅಂತ ಗೊತ್ತಾಗ್ತಿಲ್ಲ."

ಅವನು ತೋರಿಸಿದ. ಚಿತ್ರದ ಮೇಲೆ ಅಕ್ಷರ ಬರೆಯುವ ಒಂದು ಸಣ್ಣ ಲೈಬ್ರರಿ, ಹೆಸರು ಬೇಡ. ಕಾಲೇಜಿನ ನೆಟ್‌ನಲ್ಲಿ ಇನ್‌ಸ್ಟಾಲ್ ಮಾಡಿಕೊಂಡು, ದಾಖಲೆಯನ್ನೂ ಸೇವ್ ಮಾಡಿಕೊಂಡು ಬಂದಿದ್ದ. ಅವನು ಟೈಪ್ ಮಾಡಿದ್ದು ಅಕ್ಷರಕ್ಕೆ ಅಕ್ಷರ ಸರಿ ಇತ್ತು. ಲೈಬ್ರರಿಯ ಸೋರ್ಸ್ ತೆಗೆದು ನೋಡಿದರೆ, ಉದಾಹರಣೆಯ ಮೊದಲ ಸಾಲಿನಲ್ಲೇ ಇದ್ದ ಫಂಕ್ಷನ್ನಿನ ಹೆಸರು ಬದಲಾಗಿತ್ತು. ದಾಖಲೆಯಲ್ಲಿ ಹಳೇ ಹೆಸರೇ ಉಳಿದಿತ್ತು. ಹೊಸ ಹೆಸರು ಹಾಕಿದ ಕೂಡಲೇ ಓಡಿತು. ನಮಗೆ ಹಿಡಿದದ್ದು ಹತ್ತು ನಿಮಿಷ.

ಹತ್ತು ನಿಮಿಷದಲ್ಲಿ ಹಿಡಿದೆವು ಅಂದರೆ ನಾವು ಜಾಣರು ಅಂತಲ್ಲ. ನಾವು ಚಿಕ್ಕಂದಿನಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಕೆಂಪು ಅಕ್ಷರದಲ್ಲಿ ಹದಿನೈದು ಸಾಲು ಇಂಗ್ಲಿಷ್ ಬಂದರೆ ನಮಗೆ ಹೆದರಿಕೆ ಆಗಲ್ಲ, ಕೊನೆಯ ಸಾಲು ಓದಿದರೆ ಸಾಕು ಅಂತ ಗೊತ್ತು. ಜೊತೆಗೆ ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನ ಬಾಗಿಲು ತಟ್ಟಿ ಕೇಳಬಹುದು. ದಾಖಲೆಯೇ ತಪ್ಪು ಅಂತ ಹೇಳುವ ಧೈರ್ಯ ಹಾಗೆ ಬರುತ್ತೆ. ಒಬ್ಬನೇ ಕೂತು, ನೆಟ್ ಇಲ್ಲದೆ, ಅರ್ಧ ಅರ್ಥವಾಗುವ ಭಾಷೆಯಲ್ಲಿ ಓದುತ್ತಿರುವ ಹುಡುಗನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅವನಿಗೆ ಆ ನಾಲ್ಕು ಸಾಲೇ ಮೇಷ್ಟ್ರು. ಮೇಷ್ಟ್ರು ತಪ್ಪು ಹೇಳಿದರೆ ಅವನು ತನ್ನನ್ನೇ ದಡ್ಡ ಅಂದುಕೊಳ್ಳುತ್ತಾನೆ.

ಟಿಮ್ ಪೀಟರ್ಸ್ ಕಂಡುಕೊಂಡ ದಾರಿ

ಈ ಕಾಯಿಲೆಗೆ ಮದ್ದು ಪೈಥಾನಿನೊಳಗೇ ಇದೆ. ಹೆಸರು ಡಾಕ್‌ಟೆಸ್ಟ್. ಬರೆದವರು ಟಿಮ್ ಪೀಟರ್ಸ್. ಪೈಥಾನಿನ ಸಾರ್ಟಿಂಗಿಗೆ ಟಿಮ್‌ಸಾರ್ಟ್ ಅಂತ ಹೆಸರು ಬಂದಿರೋದು ಇವರಿಂದಲೇ. ಡಾಕ್‌ಟೆಸ್ಟ್ 2001ರಲ್ಲಿ ಪೈಥಾನ್ 2.1ರ ಜೊತೆ ಬಂತು, ಅಂದರೆ ನಮ್ಮಲ್ಲಿ ಹೆಚ್ಚಿನವರಿಗಿಂತ ವಯಸ್ಸಿನಲ್ಲಿ ದೊಡ್ಡದು.

ಅದರ ಉಪಾಯ ತುಂಬಾ ಸರಳ. ಪೈಥಾನ್ ಶೆಲ್ ತೆಗೆದರೆ ಎಡಗಡೆ ಮೂರು ಬಾಣದ ಗುರುತು ಕಾಣುತ್ತಲ್ಲ, ಅದನ್ನೇ ಡಾಕ್‌ಟೆಸ್ಟ್ ಹುಡುಕುತ್ತೆ. ಒಂದು ಫೈಲ್ ಕೊಟ್ಟರೆ ಮೇಲಿನಿಂದ ಕೆಳಗೆ ಓದಿಕೊಂಡು ಹೋಗುತ್ತೆ. ಸಾಮಾನ್ಯ ವಾಕ್ಯಗಳನ್ನು ಬಿಟ್ಟುಬಿಡುತ್ತೆ. >>> ಕಂಡ ಕಡೆ ನಿಂತು, ಅದರ ಮುಂದಿನದನ್ನು ನಿಜವಾಗಿ ಓಡಿಸುತ್ತೆ. ಬಂದ ಉತ್ತರವನ್ನು ಕೆಳಗಿನ ಸಾಲಿನಲ್ಲಿ ಬರೆದಿಟ್ಟ ಉತ್ತರದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸುತ್ತೆ. ಖಾಲಿ ಸಾಲು ಅಥವಾ ಮುಂದಿನ >>> ಬರುವವರೆಗೆ ಇರೋದೆಲ್ಲ ಉತ್ತರ ಅಂತ ಲೆಕ್ಕ. ಎಲ್ಲ ಸರಿ ಇದ್ದರೆ ಒಂದು ಮಾತೂ ಆಡಲ್ಲ. ತಪ್ಪಿದರೆ ಎಷ್ಟನೇ ಸಾಲು, ಬರೆದಿಟ್ಟದ್ದೇನು, ಬಂದದ್ದೇನು ಅಂತ ತೋರಿಸುತ್ತೆ.

ಓಡಿಸೋದು ಹೇಗೆ? ಟರ್ಮಿನಲ್ಲಿನಲ್ಲಿ ಪೈಥಾನ್ ಅಂತ ಟೈಪ್ ಮಾಡಿ, ಡ್ಯಾಶ್ ಎಮ್ ಹಾಕಿ, ಡಾಕ್‌ಟೆಸ್ಟ್ ಅಂತ ಬರೆದು, ಮುಂದೆ ರೀಡ್‌ಮಿ ಫೈಲಿನ ಹೆಸರು ಕೊಟ್ಟರೆ ಮುಗಿಯಿತು. ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಪೈಥಾನ್ ಇದ್ದಲ್ಲಿ ಇದೂ ಇರುತ್ತೆ. ಮಳೆಗಾಲದಲ್ಲಿ, ನೆಟ್ ಇಲ್ಲದೆ, ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಉಳಿದಿರುವ ಮೂವತ್ತು ಪರ್ಸೆಂಟಿನಲ್ಲಿ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ.

ಪೈಥಾನ್ ಒಂದೇ ಅಲ್ಲ. ರಸ್ಟ್ ಭಾಷೆಯಲ್ಲಿ ಇದು ಇನ್ನೂ ಗಟ್ಟಿ. ಅಲ್ಲಿ ಲೈಬ್ರರಿಯ ದಾಖಲೆಯೊಳಗೆ ಬರೆದ ಕೋಡ್ ತುಣುಕುಗಳು ಮಾಮೂಲಿ ಕಾರ್ಗೋ ಟೆಸ್ಟ್ ಕಮಾಂಡಿನಲ್ಲೇ ಓಡುತ್ತವೆ, ಬೇರೆ ಹೇಳಬೇಕಾಗಿಲ್ಲ. "ಈ ತುಣುಕು ಕಂಪೈಲ್ ಆಗಲೇಬಾರದು" ಅಂತ ಗುರುತು ಹಾಕಬಹುದು, ಆಗ ಅದು ಕಂಪೈಲ್ ಆದರೆ ಟೆಸ್ಟ್ ಫೇಲ್! ಗೋ ಭಾಷೆಯಲ್ಲಿ ಉದಾಹರಣೆಗಳನ್ನು ಫಂಕ್ಷನ್ ರೂಪದಲ್ಲೇ ಬರೆದು, ಕೊನೆಯಲ್ಲಿ ಬರಬೇಕಾದ ಔಟ್‌ಪುಟ್ ಅನ್ನು ಕಾಮೆಂಟಿನಲ್ಲಿ ಇಡುತ್ತಾರೆ. ಟೆಸ್ಟ್ ಓಡಿಸಿದಾಗ ಎರಡೂ ತಾಳೆ ಆಗಬೇಕು. ಎಲಿಕ್ಸಿರ್ ಕೂಡ ತನ್ನ ಶೆಲ್ಲಿನ ಗುರುತು ಹಿಡಿದು ಇದೇ ಕೆಲಸ ಮಾಡುತ್ತೆ. ಬೇರೆ ಬೇರೆ ಭಾಷೆಯವರು ಒಂದೇ ತೀರ್ಮಾನಕ್ಕೆ ಬಂದಿದ್ದಾರೆ: ದಾಖಲೆಯಲ್ಲಿರುವ ಕೋಡ್ ಕೂಡ ಕೋಡೇ.

ಪದಬಂಧದ ರೀಡ್‌ಮಿ

ಹರಿಹರಪುರದಲ್ಲಿದ್ದ ಆ ನಾಲ್ಕು ದಿನ ನಮ್ಮ ಕೈಯಲ್ಲಿ ಒಂದು ಕೆಲಸ ಇತ್ತು. ಕನ್ನಡ ಸಂಘದ ಆನ್‌ಲೈನ್ ಪದಬಂಧಕ್ಕೆ ಒಂದು ಸಣ್ಣ ಪ್ರೋಗ್ರಾಮ್. ಇಂಗ್ಲಿಷ್ ಪದಬಂಧದಲ್ಲಿ ಒಂದು ಚೌಕಕ್ಕೆ ಒಂದು ಲೆಟರ್, ಸುಲಭ. ಕನ್ನಡದಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರ, ಗುಣಿತ ಒತ್ತು ಎಲ್ಲ ಸೇರಿ. ಕಂಪ್ಯೂಟರಿಗೆ ಅದು ತಾನಾಗಿ ಗೊತ್ತಾಗಲ್ಲ. ಹರಿಹರಪುರ ಅಂದರೆ ನಮಗೆ ಆರು ಅಕ್ಷರ. ಕಂಪ್ಯೂಟರಿಗೆ ಎಂಟು ಕೋಡ್, ಯಾಕಂದರೆ ರಿ ಅನ್ನೋದರಲ್ಲಿ ರ ಬೇರೆ, ಗುಡಿಸು ಬೇರೆ. ಪು ಕೂಡ ಹಾಗೇ. ಯುಟಿಎಫ್-8ರಲ್ಲಿ ಸೇವ್ ಮಾಡಿದರೆ ಇಪ್ಪತ್ನಾಲ್ಕು ಬೈಟ್.

ರೆಡಿಮೇಡ್ ಸಾಧನಗಳೂ ಇದರಲ್ಲಿ ಪೂರ್ತಿ ಕೈ ಹಿಡಿಯಲ್ಲ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ತುಂಡಾಗಿ ಇಡುವ ನಿಯಮ ಸೇರಿಸಿದರು. ದೇವನಾಗರಿ, ಬಂಗಾಳಿ, ತೆಲುಗು, ಮಲಯಾಳಂ ಎಲ್ಲ ಅದರಲ್ಲಿ ಇದ್ದವು, ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಆ ನಿಯಮದ ಪ್ರಕಾರ ಕೊಪ್ಪ ಮೂರು ತುಂಡಾಗುತ್ತೆ: ಕೊ, ಪ್, ಪ. ಪದಬಂಧಕ್ಕೆ ಬೇಕಾದದ್ದು ಎರಡು. ಅದಕ್ಕೇ ನಾವೇ ಬರೆಯಬೇಕಾಯಿತು.

ಪೈಥಾನ್ 3ರಲ್ಲಿ ಫಂಕ್ಷನ್ನಿಗೆ ಕನ್ನಡದ ಹೆಸರೇ ಇಡಬಹುದು ಅನ್ನೋದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 3.0 ಬಂದ 2008ರಿಂದಲೂ ಇದೆ. ರೀಡ್‌ಮಿಯನ್ನು ಕನ್ನಡದಲ್ಲಿ ಬರೆಯೋಣ, ಉದಾಹರಣೆಗಳೂ ಕನ್ನಡದಲ್ಲೇ ಇರಲಿ, ಮತ್ತು ಪ್ರತಿಯೊಂದೂ ಡಾಕ್‌ಟೆಸ್ಟಿನಲ್ಲಿ ಓಡಲಿ ಅಂತ ತೀರ್ಮಾನ ಮಾಡಿದೆವು. ಉದಾಹರಣೆಗೆ ಪದ ಬೇಕಲ್ಲ, ಸುತ್ತಮುತ್ತಲಿನ ಊರುಗಳ ಹೆಸರನ್ನೇ ತೆಗೆದುಕೊಂಡೆವು:

>>> ಉದ್ದ("ಹರಿಹರಪುರ")
8
>>> ಚೌಕಗಳು("ಹರಿಹರಪುರ")
['ಹ', 'ರಿ', 'ಹ', 'ರ', 'ಪು', 'ರ']
>>> ಚೌಕಗಳು("ಶೃಂಗೇರಿ")
['ಶೃಂ', 'ಗೇ', 'ರಿ']

ಇದರ ಜೊತೆಗೆ ಒಂದು ಎಚ್ಚರಿಕೆಯ ಉದಾಹರಣೆಯನ್ನೂ ಸೇರಿಸಿದೆವು. ಪದಗಳನ್ನು ಹುಡುಕಲು ನಾವೆಲ್ಲ ರೆಜೆಕ್ಸ್ ಬಳಸುತ್ತೇವೆ. ಪೈಥಾನಿನ ಮಾಮೂಲಿ ರೆಜೆಕ್ಸ್‌ನಲ್ಲಿ "ಪದದ ಅಕ್ಷರ" ಅಂತ ಹೇಳುವ ಗುರುತು ಕನ್ನಡದ ಗುಣಿತ ಚಿಹ್ನೆಯನ್ನು ಅಕ್ಷರ ಅಂತ ಒಪ್ಪಲ್ಲ. ಅದರ ಮುಂದೆ ಊರಿನ ಹೆಸರಿಟ್ಟರೆ ಹೀಗೆ ಆಗುತ್ತೆ:

>>> ರೆಜೆಕ್ಸ್_ಪದಗಳು("ಹರಿಹರಪುರ")
['ಹರ', 'ಹರಪ', 'ರ']

ಹರಿ ಹೋಗಿ ಹರ ಆದ! ಹರಿಯೂ ಹರನೂ ಒಂದೇ ಅಂತ ಪೈಥಾನಿಗೂ ಗೊತ್ತು ಅಂತ ಗೆಳೆಯನ ಅಜ್ಜಿ ನಕ್ಕರು. ಆದರೆ ಈ ಉದಾಹರಣೆ ತಮಾಷೆಗೆ ಇಟ್ಟದ್ದಲ್ಲ. "ಇದನ್ನು ಬಳಸಬೇಡಿ, ಹೀಗೆ ಆಗುತ್ತೆ" ಅನ್ನುವ ಮಾತು ಕೂಡ ಒಂದು ಹೇಳಿಕೆ. ಮುಂದೆ ಯಾವತ್ತಾದರೂ ಪೈಥಾನ್ ಇದನ್ನು ಸರಿ ಮಾಡಿದರೆ ನಮ್ಮ ಎಚ್ಚರಿಕೆಯೇ ಸುಳ್ಳಾಗುತ್ತೆ. ಆ ದಿನ ಟೆಸ್ಟ್ ಫೇಲ್ ಆಗಿ ನಮಗೆ ತಿಳಿಸುತ್ತೆ.

ಎರಡೂ ಒಂದೇ, ಆದರೂ ಫೇಲ್

ಮೂರನೇ ದಿನ ಸಂಜೆ ಒಂದು ವಿಚಿತ್ರ ಆಯಿತು. ಪದಪಟ್ಟಿಯ ಫೈಲನ್ನು ಬೇರೆ ಕಡೆಯಿಂದ ತಂದು ಹಾಕಿ, ಅದರ ಮೊದಲ ಪದವನ್ನು ಚೌಕಕ್ಕೆ ಒಡೆಯುವ ಉದಾಹರಣೆ ಓಡಿಸಿದಾಗ ಡಾಕ್‌ಟೆಸ್ಟ್ ಕೊಟ್ಟ ವರದಿ ಹೀಗಿತ್ತು (ಮೇಲಿನದು ಬರೆದಿಟ್ಟದ್ದು, ಕೆಳಗಿನದು ಬಂದದ್ದು):

ಎಕ್ಸ್‌ಪೆಕ್ಟೆಡ್:
['ಕೊ', 'ಪ್ಪ']
ಗಾಟ್:
['ಕೊ', 'ಪ್ಪ']

ನಾಲ್ಕು ಜನ ಸ್ಕ್ರೀನಿಗೆ ಮೂಗು ತಾಗಿಸಿ ನೋಡಿದರೂ ವ್ಯತ್ಯಾಸ ಇಲ್ಲ. ಕೊನೆಗೆ ಒಂದೊಂದು ಕೋಡ್ ಬಿಡಿಸಿ ಪ್ರಿಂಟ್ ಮಾಡಿದಾಗ ಗೊತ್ತಾಯಿತು. ಯೂನಿಕೋಡಿನಲ್ಲಿ ಕೊ ಬರೆಯಲು ಎರಡು ದಾರಿ ಇದೆ. ಕ ಆದ ಮೇಲೆ ಒಕಾರದ ಒಂದೇ ಚಿಹ್ನೆ ಹಾಕಬಹುದು. ಅಥವಾ ಎಕಾರದ ಚಿಹ್ನೆ ಹಾಕಿ, ಅದರ ಹಿಂದೆ ಊಕಾರದ ಚಿಹ್ನೆ ಹಾಕಬಹುದು. ಯೂನಿಕೋಡ್ ಪ್ರಕಾರ ಇವೆರಡೂ ಸಮಾನ, ಸ್ಕ್ರೀನಿನಲ್ಲಿ ಕಾಣೋದೂ ಒಂದೇ. ಆದರೆ ಮೊದಲ ರೀತಿಯಲ್ಲಿ ಕೊಪ್ಪಕ್ಕೆ ಐದು ಕೋಡ್, ಎರಡನೆಯದರಲ್ಲಿ ಆರು. ಬಂದ ಪಟ್ಟಿ ದಾರಿಯಲ್ಲಿ ಯಾವುದೋ ಸಾಧನದ ಮೂಲಕ ಹಾದು, ಎರಡನೇ ರೂಪಕ್ಕೆ ತಿರುಗಿತ್ತು.

ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಇಂಥದ್ದನ್ನು ಒಂದೇ ರೂಪಕ್ಕೆ ತರುವ ಫಂಕ್ಷನ್ ಇದೆ. ಚೌಕಕ್ಕೆ ಒಡೆಯುವ ಮೊದಲು ಪದವನ್ನು ಅದರೊಳಗೆ ಹಾಯಿಸಿದೆವು. ಟೆಸ್ಟ್ ಸುಮ್ಮನಾಯಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ಈ ವ್ಯತ್ಯಾಸ ಹಾಗೇ ಉಳಿದು ಪದಬಂಧ ಪ್ರಕಟ ಆಗಿದ್ದರೆ ಏನಾಗುತ್ತಿತ್ತು? ನೀವು ಸರಿಯಾಗಿಯೇ ಕೊಪ್ಪ ಅಂತ ತುಂಬಿಸುತ್ತಿದ್ದಿರಿ. ನಮ್ಮ ಪುಟ "ತಪ್ಪು" ಅಂತ ಕೆಂಪು ಬಣ್ಣ ತೋರಿಸುತ್ತಿತ್ತು. ನೀವು ಸುಳಿವನ್ನು ಮತ್ತೆ ಓದುತ್ತಿದ್ದಿರಿ, ಅಕ್ಷರ ಅಳಿಸಿ ಮತ್ತೆ ಬರೆಯುತ್ತಿದ್ದಿರಿ, ಕೊನೆಗೆ ನಿಮ್ಮ ಕನ್ನಡವೇ ಸರಿ ಇಲ್ಲ ಅಂತ ಎದ್ದು ಹೋಗುತ್ತಿದ್ದಿರಿ. ಆ ಹುಡುಗ ಮೂರು ದಿನ ಕೂತು ತನ್ನನ್ನೇ ಬೈದುಕೊಂಡ ಹಾಗೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಡಾಕ್‌ಟೆಸ್ಟಿನ ಹಠವನ್ನು ಎಷ್ಟೋ ಜನ ಬೈಯುತ್ತಾರೆ. ಇಲ್ಲಿ ಆ ಹಠವೇ ಕಾಪಾಡಿತು.

ಮಿತಿಗಳೂ ಇವೆ

ಡಾಕ್‌ಟೆಸ್ಟ್ ಹಾಕಿದ ಮಾತ್ರಕ್ಕೆ ದಾಖಲೆ ಒಳ್ಳೆಯದಾಗಲ್ಲ. ಉದಾಹರಣೆ ಓಡುತ್ತೆ ಅಂತ ಅದು ಹೇಳಬಲ್ಲದು. ಅರ್ಥ ಆಗುತ್ತೆ ಅಂತ ಹೇಳಲು ಅದಕ್ಕೆ ಬರಲ್ಲ. ಅದನ್ನು ಹೇಳಬೇಕಾದವನು ಓದುವವನೇ.

ಇನ್ನು ಕೆಲವು ಉತ್ತರಗಳು ಪ್ರತಿ ಸಲ ಬದಲಾಗುತ್ತವೆ. ಇವತ್ತಿನ ದಿನಾಂಕ, ಮೆಮೊರಿ ವಿಳಾಸ, ರ್‍ಯಾಂಡಮ್ ಸಂಖ್ಯೆ, ಸೆಟ್ಟಿನೊಳಗಿನ ಕ್ರಮ. ಇಂಥ ಕಡೆ ಎಲಿಪ್ಸಿಸ್ ಅನ್ನುವ ಆಯ್ಕೆ ಹಾಕಿದರೆ ಬದಲಾಗುವ ಭಾಗದಲ್ಲಿ ಮೂರು ಚುಕ್ಕಿ ಇಡಬಹುದು. ಸೆಟ್ ಆದರೆ ಸಾರ್ಟ್ ಮಾಡಿ ತೋರಿಸೋದು ಒಳ್ಳೇದು. ಎರರ್ ಬರುವ ಉದಾಹರಣೆಯನ್ನೂ ಟೆಸ್ಟ್ ಮಾಡಬಹುದು. ಟ್ರೇಸ್‌ಬ್ಯಾಕಿನ ಮೊದಲ ಸಾಲು ಮತ್ತು ಕೊನೆಯ ಎರರ್ ಸಾಲು ಸರಿ ಇದ್ದರೆ ಸಾಕು, ನಡುವಿನದನ್ನು ಅದು ನೋಡಲ್ಲ.

ಸ್ಕಿಪ್ ಅಂತಲೂ ಒಂದು ಆಯ್ಕೆ ಇದೆ. ಹಾಕಿದರೆ ಆ ಸಾಲನ್ನು ಓಡಿಸೋದೇ ಇಲ್ಲ. ಟೆಸ್ಟ್ ಫೇಲ್ ಆಗಿ, ಸಬ್‌ಮಿಷನ್ ನಾಳೆ ಇದ್ದಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತೆ. ನೆಟ್ ಬೇಕಾಗುವ ಉದಾಹರಣೆಗೆ ಹಾಕಿದರೆ ಸರಿ. ಓಡದ ಉದಾಹರಣೆಯನ್ನು ಮುಚ್ಚಿಡಲು ಹಾಕಿದರೆ, ಗೋಡೆಯ ಟೈಮ್‌ಟೇಬಲ್ಲಿಗೆ ಹೊಸ ಬಣ್ಣ ಹೊಡೆದು ಹಳೇ ಟೈಮನ್ನೇ ಬರೆದ ಹಾಗೆ.

ಮಾರ್ಕ್‌ಡೌನ್ ಬಳಸುವವರಿಗೆ ಒಂದು ಉಪಯೋಗದ ಮಾತು. ಕೋಡ್ ಡಬ್ಬಿ ಮುಚ್ಚುವ ಮೂರು ಬ್ಯಾಕ್‌ಟಿಕ್ ಗುರುತು ಉತ್ತರದ ಸಾಲಿಗೆ ಅಂಟಿಕೊಂಡೇ ಇದ್ದರೆ, ಡಾಕ್‌ಟೆಸ್ಟ್ ಅದನ್ನೂ ಉತ್ತರದ ಭಾಗ ಅಂದುಕೊಂಡು ಫೇಲ್ ಮಾಡುತ್ತೆ. ನಡುವೆ ಒಂದು ಖಾಲಿ ಸಾಲು ಬಿಡಿ. ಫೈಲುಗಳು ಜಾಸ್ತಿ ಇದ್ದರೆ ಪೈಟೆಸ್ಟ್ ಬಳಸಿ, ಡಾಕ್‌ಟೆಸ್ಟ್ ಗ್ಲಾಬ್ ಅನ್ನುವ ಆಯ್ಕೆಯಲ್ಲಿ ಎಲ್ಲ ಮಾರ್ಕ್‌ಡೌನ್ ಫೈಲುಗಳನ್ನೂ ಒಟ್ಟಿಗೆ ಓಡಿಸಬಹುದು. ಗಿಟ್‌ಹಬ್‌ಗೆ ಪುಶ್ ಮಾಡಿದಾಗೆಲ್ಲ ತಾನೇ ಓಡುವಂತೆಯೂ ಇಡಬಹುದು.

ಮತ್ತೆ, ಎಲ್ಲ ಟೆಸ್ಟನ್ನೂ ರೀಡ್‌ಮಿಯಲ್ಲಿ ತುರುಕಬೇಡಿ. ಖಾಲಿ ಸ್ಟ್ರಿಂಗ್ ಕೊಟ್ಟರೆ ಏನು, ನೆಗೆಟಿವ್ ಕೊಟ್ಟರೆ ಏನು ಅನ್ನುವ ಇಪ್ಪತ್ತು ಪರೀಕ್ಷೆಗಳ ಜಾಗ ಬೇರೆ ಟೆಸ್ಟ್ ಫೈಲ್. ರೀಡ್‌ಮಿಯಲ್ಲಿ ಇರಬೇಕಾದದ್ದು ಹೊಸಬನಿಗೆ ಬೇಕಾದ ಉದಾಹರಣೆ ಮಾತ್ರ.

ನಮ್ಮ ಕ್ಯಾಂಪಸ್ಸಿಗೆ

ನಾವು ಒಬ್ಬರಿಗೊಬ್ಬರು ಎಷ್ಟು ಕೋಡ್ ಹಂಚಿಕೊಳ್ಳುತ್ತೇವೆ ಯೋಚಿಸಿ. ಮಿನಿ ಪ್ರಾಜೆಕ್ಟಿನ ರೀಡ್‌ಮಿ, ವರ್ಕ್‌ಶಾಪಿನ ಹ್ಯಾಂಡ್‌ಔಟ್, ಲ್ಯಾಬಿನ ಪ್ರೋಗ್ರಾಮುಗಳು, ಪರೀಕ್ಷೆಯ ಹಿಂದಿನ ರಾತ್ರಿ ಓಡಾಡುವ ಪಿಡಿಎಫ್. ಇವೆಲ್ಲ ದಾಖಲೆಯೇ. ಇವನ್ನು ಪಿಡಿಎಫ್ ಬದಲು ಸಾದಾ ಪಠ್ಯದ ಫೈಲಿನಲ್ಲಿ ಇಟ್ಟು, ಸೆಮಿಸ್ಟರ್ ಶುರುವಾಗುವಾಗ ಒಂದು ಸಲ ಓಡಿಸಿ ನೋಡಿದರೆ ಎಷ್ಟು ಫೇಲ್ ಆಗುತ್ತವೆ ಅಂತ ಗೊತ್ತಾಗುತ್ತೆ. ಒಂದು ಸಂಜೆಯ ಕೆಲಸ. ಉಳಿಯೋದು ಫಸ್ಟ್ ಇಯರಿನವರ ಎಷ್ಟೋ ರಾತ್ರಿಗಳು. ಆಸಕ್ತಿ ಇರುವವರು ಸಂಘದ ಕೋಣೆಗೆ ಬನ್ನಿ, ಪೈಥಾನ್ ಲ್ಯಾಬಿನ ಪ್ರೋಗ್ರಾಮುಗಳಿಂದಲೇ ಶುರು ಮಾಡೋಣ.

ಪದಬಂಧದ ರೀಡ್‌ಮಿಯನ್ನು ಮೊದಲು ಓದಿದವನು ಆ ಚಿಕ್ಕಪ್ಪನ ಮಗನೇ. ನಾವು ಹೊರಡುವ ಹಿಂದಿನ ರಾತ್ರಿ ಅವನಿಗೆ ಕೊಟ್ಟು, ಏನೂ ವಿವರಿಸದೆ ಪಕ್ಕದಲ್ಲಿ ಕೂತೆವು. ಒಂದೊಂದೇ ಸಾಲು ಟೈಪ್ ಮಾಡಿದ. ಬರೆದಿದ್ದ ಉತ್ತರವೇ ಬಂತು. ನಾಲ್ಕನೆಯದೋ ಐದನೆಯದೋ ಆದ ಮೇಲೆ ರೀಡ್‌ಮಿ ನೋಡೋದು ಬಿಟ್ಟು ತನ್ನದೇ ಪದಗಳನ್ನು ಹಾಕತೊಡಗಿದ.

"ಅಣ್ಣ, ಬಸ್ ಅಂತ ಹಾಕಿದ್ರೆ ಎಷ್ಟು ಚೌಕ?"

ನಮ್ಮ ರೀಡ್‌ಮಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಕೊನೆಯಲ್ಲಿ ಅರ್ಧಾಕ್ಷರ ಬಂದರೆ ಏನು ಮಾಡಬೇಕು ಅಂತ ಅಲ್ಲಿ ಬರೆದೇ ಇರಲಿಲ್ಲ. "ನೀನೇ ನೋಡು" ಅಂದೆವು. ಎರಡು ಬಂತು: ಬ, ಸ್. "ಇದನ್ನೂ ಇದರಲ್ಲಿ ಬರೀಬೇಕಲ್ವಾ? ಇಲ್ಲದಿದ್ರೆ ಓದುವವ್ರಿಗೆ ಹೆಂಗೆ ಗೊತ್ತಾಗ್ತದೆ?" ಅಂತ ಕೇಳಿದ. ಬರಿ ಅಂದೆವು. ಬರೆದ. ಅದರ ಕೆಳಗೆ ಇನ್ನೊಂದನ್ನೂ ಸೇರಿಸಿದ. ತುಂಗೆ ಶೃಂಗೇರಿಯಿಂದ ಹರಿಹರಪುರಕ್ಕೆ ಬಂದು ಮುಂದೆ ತೀರ್ಥಹಳ್ಳಿಗೆ ಹೋಗೋದರಿಂದ ಆ ಊರೂ ಇರಲಿ ಅಂತ:

>>> ಚೌಕಗಳು("ಬಸ್")
['ಬ', 'ಸ್']
>>> ಚೌಕಗಳು("ತೀರ್ಥಹಳ್ಳಿ")
['ತೀ', 'ರ್ಥ', 'ಹ', 'ಳ್ಳಿ']

ಡಾಕ್‌ಟೆಸ್ಟ್ ಓಡಿಸಿದ. ಏನೂ ಬರಲಿಲ್ಲ. "ಎಂತದೂ ಬರ್ಲಿಲ್ಲ ಅಣ್ಣ" ಅಂದ. ಹಾಗೆ ಬರದಿದ್ದರೆ ಎಲ್ಲ ಸರಿ ಇದೆ ಅಂತ ಹೇಳಿದೆವು.

ಆ ಎರಡು ಉದಾಹರಣೆಗಳು ಈಗಲೂ ನಮ್ಮ ರೀಡ್‌ಮಿಯಲ್ಲಿವೆ. ಪ್ರತಿ ಸಲ ಕೋಡ್ ಬದಲಾಯಿಸಿದಾಗ ಉಳಿದವುಗಳ ಜೊತೆ ಅವೂ ಓಡುತ್ತವೆ. ಮುಂದಿನ ವರ್ಷ ಪದಬಂಧದ ಕೆಲಸ ನಿಮ್ಮ ಕೈಗೆ ಬಂದಾಗ ಆ ಫೈಲಿನಿಂದಲೇ ಶುರು ಮಾಡಿ. ಅದರಲ್ಲಿ ಬರೆದದ್ದು ಓಡದಿದ್ದರೆ, ದಯವಿಟ್ಟು ನಿಮ್ಮನ್ನು ಬೈದುಕೊಳ್ಳಬೇಡಿ. ನಮಗೆ ಹೇಳಿ.